ಸ್ವೀಡನ್ ಪುಸ್ತಕಕ್ಕೆ ಮರಳಿತು, ನಾವು 3ನೇ ತರಗತಿಗೆ ಎಐ ತರುತ್ತಿದ್ದೇವೆ: ಯಾರದು ಸರಿ?

ಎರಡು ಮೂರು ವರ್ಷಗಳಿಂದ ಶಾಲೆಗಳ ಬಗ್ಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಸ್ವೀಡನ್ ಟ್ಯಾಬ್ಲೆಟ್ ಬದಿಗಿಟ್ಟು ಮತ್ತೆ ಅಚ್ಚಿನ ಪುಸ್ತಕ ಕೊಳ್ಳಲು ಹೊರಟಿತು. ದಕ್ಷಿಣ ಕೊರಿಯಾ 2025ರ ಮಾರ್ಚ್‌ನಲ್ಲಿ ಎಐ ಪಠ್ಯಪುಸ್ತಕ ತಂದು, ಆಗಸ್ಟ್‌ನಲ್ಲಿ ಅದಕ್ಕಿದ್ದ ಪಠ್ಯಪುಸ್ತಕದ ಪಟ್ಟವನ್ನೇ ಕಿತ್ತುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯ ಇನ್ನೊಂದು ಮಾತು ಹೇಳಿತು: 2026-27ರಿಂದ 3ನೇ ತರಗತಿಯಿಂದಲೇ ಎಐ ಪಾಠ ಶುರು.

ಅವರು ಬಿಟ್ಟಿದ್ದನ್ನು ನಾವು ಹಿಡಿಯುತ್ತಿದ್ದೇವಾ? ಅಥವಾ ಅವರಿಗಿಂತ ನಾವು ಜಾಣರಾ? ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಎರಡೂ ವಾದ ಜೋರಾಗಿದೆ. ಒಬ್ಬರು ಸ್ಕ್ರೀನ್ ಮಕ್ಕಳ ತಲೆ ಕೆಡಿಸುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಈಗ ಕಲಿಯದಿದ್ದರೆ ಮುಂದೆ ಕೆಲಸವೇ ಸಿಗಲ್ಲ ಎನ್ನುತ್ತಾರೆ. ಸೋಜಿಗವೆಂದರೆ ಎರಡೂ ಕಡೆಯವರ ಕೈಯಲ್ಲಿ ಸಂಶೋಧನೆಗಳಿವೆ, ಮತ್ತು ಅವು ಸುಳ್ಳಲ್ಲ.

ಹಾಗಾದರೆ ಗೊಂದಲ ಎಲ್ಲಿದೆ? ಶಾಲೆಗೆ ಯಂತ್ರ ಬಂತು ಎಂಬುದನ್ನು ಮಾತ್ರ ನೋಡಿ, ಅದು ಯಾವುದರ ಜಾಗಕ್ಕೆ ಬಂತು ಎಂಬುದನ್ನು ನಾವು ನೋಡುವುದಿಲ್ಲ. ಒಳ್ಳೆಯ ಪುಸ್ತಕದ ಜಾಗಕ್ಕೆ ಬಂದ ಟ್ಯಾಬ್ಲೆಟ್‌ಗೂ, ಏನೂ ಇಲ್ಲದ ಜಾಗಕ್ಕೆ ಬಂದ ಟ್ಯಾಬ್ಲೆಟ್‌ಗೂ ಫಲ ಒಂದೇ ಆಗಿರಲು ಸಾಧ್ಯವಿಲ್ಲ. ಒಂದೊಂದೇ ಉದಾಹರಣೆ ತೆಗೆದುಕೊಂಡು ನೋಡೋಣ.

ಸ್ವೀಡನ್‌ನಲ್ಲಿ ಆಗಿದ್ದೇನು?

ಸ್ವೀಡನ್ ಶಾಲೆಗಳು ಬಹಳ ಬೇಗ ಡಿಜಿಟಲ್ ಆದವು. 2019ರಿಂದ ಪ್ರಿಸ್ಕೂಲ್‌ಗಳಲ್ಲೂ, ಅಂದರೆ ನಮ್ಮ ಅಂಗನವಾಡಿ ವಯಸ್ಸಿನ ಮಕ್ಕಳಿಗೂ, ಡಿಜಿಟಲ್ ಸಾಧನ ಬಳಸಬೇಕೆಂಬ ನಿಯಮ ಬಂತು. ದೊಡ್ಡ ಮಕ್ಕಳ ಬಹಳಷ್ಟು ಓದು ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗೆ ಹೋಯಿತು.

4ನೇ ತರಗತಿ ಮಕ್ಕಳ ಓದುವ ಶಕ್ತಿಯನ್ನು ಅಳೆಯುವ ಪರ್ಲ್ಸ್ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯಿದೆ. ಅದರಲ್ಲಿ ಸ್ವೀಡನ್ 2016ರಲ್ಲಿ 555 ಅಂಕ ಪಡೆದಿತ್ತು. 2021ರಲ್ಲಿ ಅದು 544ಕ್ಕೆ ಇಳಿಯಿತು. ಆಗಿನ ಶಾಲಾ ಸಚಿವೆ ಲೊಟ್ಟಾ ಎಡ್‌ಹೋಲ್ಮ್ ಡಿಜಿಟಲ್ ಧೋರಣೆಯನ್ನೇ ಪ್ರಶ್ನಿಸಿದರು. ಪ್ರಸಿದ್ಧ ವೈದ್ಯಕೀಯ ವಿಶ್ವವಿದ್ಯಾಲಯ ಕರೋಲಿನ್ಸ್ಕಾ ಇನ್‌ಸ್ಟಿಟ್ಯೂಟ್ 2023ರಲ್ಲಿ, ಡಿಜಿಟಲ್ ಸಾಧನಗಳು ಕಲಿಕೆಗೆ ನೆರವಾಗುವ ಬದಲು ಅಡ್ಡಿ ಮಾಡುತ್ತವೆ ಎಂದು ಅಭಿಪ್ರಾಯ ಕೊಟ್ಟಿತು. ಆ ವರ್ಷ ಪುಸ್ತಕಗಳಿಗೆಂದೇ ಸರ್ಕಾರ 685 ಮಿಲಿಯನ್ ಕ್ರೋನಾ (ಸ್ವೀಡನ್ ನಾಣ್ಯ) ತೆಗೆದಿಟ್ಟಿತು. ಮುಂದಿನ ಎರಡು ವರ್ಷಕ್ಕೂ ಹಣ ಘೋಷಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಕ ಇಳಿದಿದ್ದಕ್ಕೆ ಸ್ಕ್ರೀನ್ ಒಂದೇ ಕಾರಣ ಎಂದು ಯಾರೂ ಸಾಬೀತು ಮಾಡಿಲ್ಲ. ನಡುವೆ ಕೋವಿಡ್ ಬಂದಿತ್ತು. ಮನೆಯಲ್ಲಿ ಸ್ವೀಡಿಷ್ ಮಾತಾಡದ ಮಕ್ಕಳೂ ಶಾಲೆಗಳಲ್ಲಿ ಇದ್ದರು. ಇಷ್ಟಾಗಿಯೂ 544 ಎಂಬುದು ಯುರೋಪಿನ ಸರಾಸರಿಗಿಂತ ಮೇಲೆಯೇ ಇತ್ತು. ಹಾಗಾಗಿ ಸ್ವೀಡನ್ ಮುಳುಗಿಹೋಯಿತು ಎಂಬ ಫಾರ್ವರ್ಡ್ ಮೆಸೇಜುಗಳನ್ನು ನಂಬಬೇಕಿಲ್ಲ. ಆದರೆ ಒಂದು ಮಾತು ನಿಜ. ಅಲ್ಲಿ ಒಳ್ಳೆಯ ಪುಸ್ತಕಗಳಿದ್ದವು, ತರಬೇತಾದ ಶಿಕ್ಷಕರಿದ್ದರು, ಶಾಲೆಗಳಿಗೆ ಹಣವಿತ್ತು. ಚೆನ್ನಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ಸರಿಸಿ ಆ ಜಾಗದಲ್ಲಿ ಟ್ಯಾಬ್ಲೆಟ್ ಕೂರಿಸಿದರು.

ಕಾಗದವೋ ಸ್ಕ್ರೀನೋ ಎಂಬ ಪ್ರಶ್ನೆಗೆ ಬೇರೆ ಕಡೆಯಿಂದಲೂ ಉತ್ತರವಿದೆ. 2000ದಿಂದ 2017ರವರೆಗೆ ನಡೆದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಒಂದು ವಿಶ್ಲೇಷಣೆ ಬಂತು. ಅದರಲ್ಲಿ 1.7 ಲಕ್ಷಕ್ಕೂ ಹೆಚ್ಚು ಓದುಗರ ಲೆಕ್ಕವಿತ್ತು. ಒಂದೇ ಪಠ್ಯವನ್ನು ಕಾಗದದಲ್ಲಿ ಓದಿದವರಿಗೆ ಜಾಸ್ತಿ ಅರ್ಥವಾಗಿತ್ತು. ಕಥೆಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮಾಹಿತಿ ತುಂಬಿದ ಪಾಠಗಳಲ್ಲಿ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಎದ್ದು ಕಂಡಿತು. ಸ್ಕ್ರೀನ್ ರೂಢಿಯಾದ ಹಾಗೆ ಅಂತರ ಕಡಿಮೆಯಾಗಿರಬೇಕು ಅಲ್ವಾ? ಆಗಿರಲಿಲ್ಲ. ವರ್ಷ ಕಳೆದಂತೆ ಸ್ವಲ್ಪ ಹೆಚ್ಚೇ ಆಗಿತ್ತು. ಸ್ಕ್ರೀನ್ ಮೇಲೆ ನಾವು ಬೇಗ ಬೇಗ ಕಣ್ಣಾಡಿಸಿ ಮುಂದೆ ಹೋಗುತ್ತೇವೆ, ಅರ್ಥವಾಯಿತು ಎಂದುಕೊಳ್ಳುತ್ತೇವೆ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ.

ಕೊರಿಯಾದಲ್ಲಿ ಕೆಟ್ಟಿದ್ದು ಅವಸರದಿಂದ

ಕೊರಿಯಾದ ಕಥೆ ಬೇರೆ. ಅಲ್ಲಿ ಗಣಿತ, ಇಂಗ್ಲಿಷ್ ಮತ್ತು ಕಂಪ್ಯೂಟರ್ ವಿಷಯಗಳಿಗೆ ಎಐ ಪಠ್ಯಪುಸ್ತಕ ಬಂತು. ಪ್ರತಿ ಮಗುವಿನ ಮಟ್ಟ ನೋಡಿ ಪಾಠ ಬದಲಿಸುವ ಪುಸ್ತಕ ಎಂಬ ಮಾತು ಕೊಡಲಾಗಿತ್ತು. ಎಲ್ಲ ಶಾಲೆಗಳಿಗೂ ಕಡ್ಡಾಯ ಎಂದು ಶುರುವಾದದ್ದು, ವಿರೋಧ ಬಂದ ಮೇಲೆ ಇಷ್ಟವಿದ್ದ ಶಾಲೆಗಳಿಗೆ ಎಂದಾಯಿತು. ತಾಂತ್ರಿಕ ತೊಂದರೆ, ಶಿಕ್ಷಕರಿಗೆ ಹೆಚ್ಚಿದ ಹೊರೆ, ಮಕ್ಕಳ ಮಾಹಿತಿ ಎಲ್ಲಿ ಹೋಗುತ್ತದೆ ಎಂಬ ಭಯ, ಎಲ್ಲ ಸೇರಿದವು. ನಡುವೆ ಸರ್ಕಾರವೂ ಬದಲಾಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸಂಸತ್ತು ಅದನ್ನು ಪಠ್ಯಪುಸ್ತಕದ ಬದಲು ಪೂರಕ ಸಾಮಗ್ರಿ ಎಂದು ಕಾನೂನು ಮಾಡಿತು. ಬಳಸುವ ಶಾಲೆಗಳ ಸಂಖ್ಯೆ ಮುಂದಿನ ಸೆಮಿಸ್ಟರ್‌ಗೆ ಸುಮಾರು ಅರ್ಧಕ್ಕೆ ಬಂತು. ಅದೇ ತಿಂಗಳು ತರಗತಿಯಲ್ಲಿ ಮೊಬೈಲ್ ನಿಷೇಧಿಸುವ ಕಾನೂನೂ ಪಾಸಾಯಿತು.

ಎಐ ಪಾಠದಿಂದ ಮಕ್ಕಳಿಗೆ ಲಾಭವಾಯಿತೋ ನಷ್ಟವಾಯಿತೋ ಎಂದು ಅಳೆಯುವಷ್ಟು ಸಮಯವೇ ಸಿಗಲಿಲ್ಲ. ಅಲ್ಲಿ ಸೋತದ್ದು ಜಾರಿಗೆ ತಂದ ರೀತಿ.

ದೆಹಲಿಯಲ್ಲಿ ಕೆಲಸ ಮಾಡಿತು. ಯಾಕೆ?

ಈಗ ಇನ್ನೊಂದು ಕಡೆ. 2015ರಲ್ಲಿ ದೆಹಲಿಯ ಸರ್ಕಾರಿ ಶಾಲೆಗಳ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಆಸಕ್ತಿ ತೋರಿಸಿದ 619 ಮಕ್ಕಳಲ್ಲಿ ಲಾಟರಿ ಎತ್ತಿ, ಸುಮಾರು ಅರ್ಧದಷ್ಟು ಮಕ್ಕಳಿಗೆ ಶಾಲೆ ಮುಗಿದ ಮೇಲೆ ಒಂದು ಕಲಿಕಾ ಕೇಂದ್ರಕ್ಕೆ ಉಚಿತ ಪ್ರವೇಶ ಕೊಟ್ಟರು. ಅಲ್ಲಿ ದಿನಕ್ಕೆ 90 ನಿಮಿಷ. ಅರ್ಧ ಹೊತ್ತು ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರ್ ಜತೆ ಅಭ್ಯಾಸ. ಉಳಿದರ್ಧ ಹೊತ್ತು ಸಣ್ಣ ಗುಂಪಿಗೆ ಒಬ್ಬ ಸಹಾಯಕ ಬೋಧಕರು. ನಾಲ್ಕೂವರೆ ತಿಂಗಳ ನಂತರ ಪರೀಕ್ಷೆ ಮಾಡಿದರೆ, ಪ್ರವೇಶ ಸಿಕ್ಕ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಗತಿ ಕಂಡಿದ್ದರು. ಹಿಂದಿಯಲ್ಲೂ ಮುಂದೆ ಬಂದಿದ್ದರು.

ಯಾಕೆ ಹೀಗಾಯಿತು? ಆ ಸಂಶೋಧಕರು ಕಂಡ ಇನ್ನೊಂದು ಸಂಗತಿಯಲ್ಲಿ ಉತ್ತರವಿದೆ. 6ನೇ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿಯಷ್ಟು ಹಿಂದಿತ್ತು. ಒಂದೇ ಕೋಣೆಯಲ್ಲಿ ಕೂಡುವ ಲೆಕ್ಕ ಬರದವರೂ ಇದ್ದರು, ಭಿನ್ನರಾಶಿ ಮಾಡುವವರೂ ಇದ್ದರು. ಶಿಕ್ಷಕರು ಮಾತ್ರ 6ನೇ ತರಗತಿಯ ಪುಸ್ತಕ ಮುಗಿಸಬೇಕು. ಇದು ಶಿಕ್ಷಕರ ಸೋಮಾರಿತನವಲ್ಲ. ನಲವತ್ತು ಮಕ್ಕಳಿಗೆ ನಲವತ್ತು ಬೇರೆ ಬೇರೆ ಲೆಕ್ಕ ಕೊಟ್ಟು, ತಪ್ಪು ಎಲ್ಲಿದೆ ಎಂದು ತಕ್ಷಣ ಹೇಳುವುದು ಯಾರಿಂದಲೂ ಆಗದು. ಆ ಕೆಲಸವನ್ನು ಸಾಫ್ಟ್‌ವೇರ್ ಮಾಡಿತು. ಮಗು ನಿಜವಾಗಿ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿತು.

ಅಂದರೆ ದೆಹಲಿಯಲ್ಲಿ ಯಂತ್ರ ಪುಸ್ತಕವನ್ನೂ ಸರಿಸಲಿಲ್ಲ, ಶಿಕ್ಷಕರನ್ನೂ ಸರಿಸಲಿಲ್ಲ. ಅದು ಶಾಲೆ ಮುಗಿದ ಮೇಲಿನ ಸಮಯ. ಯಾರೂ ಮಾಡದೆ ಬಿಟ್ಟಿದ್ದ ಕೆಲಸ. ಸ್ವೀಡನ್‌ಗೂ ದೆಹಲಿಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಬಹಳ ದೊಡ್ಡದು.

ಯಂತ್ರ ಹಂಚಿದರೆ ಸಾಕಾಗುವುದಿಲ್ಲ

ಹಾಗಾದರೆ ಎಲ್ಲ ಮಕ್ಕಳಿಗೂ ಲ್ಯಾಪ್‌ಟಾಪ್ ಕೊಟ್ಟುಬಿಡೋಣವೇ? ಪೆರು ದೇಶ ಇದನ್ನೇ ಮಾಡಿತು. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯಡಿ ಲಕ್ಷಗಟ್ಟಲೆ ಯಂತ್ರಗಳನ್ನು ಹಳ್ಳಿ ಶಾಲೆಗಳಿಗೆ ಹಂಚಿತು. 319 ಶಾಲೆಗಳಲ್ಲಿ ನಡೆದ ಅಧ್ಯಯನದಲ್ಲಿ, 15 ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಏನೂ ಸುಧಾರಣೆ ಕಾಣಲಿಲ್ಲ. ಮಕ್ಕಳು ಲ್ಯಾಪ್‌ಟಾಪ್ ಬಳಸುವುದನ್ನು ಮಾತ್ರ ಚೆನ್ನಾಗಿ ಕಲಿತರು. ಅದರಲ್ಲಿ ಏನು ಕಲಿಸಬೇಕು, ಪಾಠದ ಜತೆ ಹೇಗೆ ಹೊಂದಿಸಬೇಕು ಎಂಬುದನ್ನು ಯಾರೂ ಸರಿಯಾಗಿ ಯೋಚಿಸಿರಲಿಲ್ಲ.

ನಮ್ಮಲ್ಲೂ ಹಳೆಯ ಅನುಭವವಿದೆ. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿದಾಗ, ಪ್ರಾಥಮಿಕ ಶಾಲೆಗಳ ಪ್ರಯೋಗಕ್ಕೆ ಆರಿಸಿಕೊಂಡದ್ದು ಚಾಮರಾಜನಗರ ಜಿಲ್ಲೆಯನ್ನು. ಶಾಲೆಗಳ ಮೇಲೆ ಡಿಶ್ ಬಂತು, ತರಗತಿಗೆ ಟಿವಿ ಬಂತು, ಕನ್ನಡದಲ್ಲಿ ಪಾಠ ಪ್ರಸಾರವಾಯಿತು. 2010ರಲ್ಲಿ ಉಪಗ್ರಹದ ಆಯಸ್ಸು ಮುಗಿಯಿತು. ಯಂತ್ರ ಕೊಡುವ ದಿನದ ಸಮಾರಂಭಕ್ಕೆ ಯಾವಾಗಲೂ ಹಣವಿರುತ್ತದೆ. ಅದನ್ನು ಹತ್ತು ವರ್ಷ ನಡೆಸುವುದಕ್ಕೆ ಬೇಕಾದ ಕರೆಂಟು, ರಿಪೇರಿ, ತರಬೇತಿಗೆ ಹಣ ಹುಡುಕುವುದು ಬೇರೆಯೇ ಕೆಲಸ.

ಇನ್ನು ಗಮನ ಹಾಳಾಗುವ ವಿಷಯ. ಶ್ರೀಮಂತ ದೇಶಗಳೇ ಹೆಚ್ಚಿರುವ ಒಇಸಿಡಿ ಒಕ್ಕೂಟ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯ 2022ರ ಸುತ್ತಿನಲ್ಲಿ, ಕೆಲವು ಗಣಿತ ತರಗತಿಗಳಲ್ಲಾದರೂ ಡಿಜಿಟಲ್ ಸಾಧನದಿಂದ ತಮ್ಮ ಗಮನ ಹೋಗುತ್ತದೆ ಎಂದು ಸದಸ್ಯ ದೇಶಗಳ ಸರಾಸರಿ 65% ವಿದ್ಯಾರ್ಥಿಗಳು ಹೇಳಿದರು. ಪಕ್ಕದವರ ಫೋನೂ ಕಾಡುತ್ತದೆ ಎಂದರು ಬಹಳ ಮಂದಿ. ಅದೇ ಪರೀಕ್ಷೆಯಲ್ಲಿ ಇನ್ನೊಂದು ಅಂಶವೂ ಇತ್ತು. ಶಾಲೆಯಲ್ಲಿ ಕಲಿಕೆಗಾಗಿ ದಿನಕ್ಕೆ ಒಂದು ಗಂಟೆಯವರೆಗೆ ಸಾಧನ ಬಳಸಿದವರು, ಏನೂ ಬಳಸದವರಿಗಿಂತ ಗಣಿತದಲ್ಲಿ ಮುಂದಿದ್ದರು. ಸ್ಕ್ರೀನ್ ವಿರೋಧಿಗಳು ಮೊದಲ ಅಂಕಿ ಹೇಳುತ್ತಾರೆ, ಸಾಧನ ಮಾರುವವರು ಎರಡನೆಯದು ಹೇಳುತ್ತಾರೆ. ಒಂದೇ ವರದಿ, ಅಲ್ವಾ?

ಮಾರುವವರ ಮಾತು ಬಂದಿದ್ದರಿಂದ ಒಂದು ನೆನಪು. 2022ರಲ್ಲಿ 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹೂಡಿಕೆದಾರರು ಕಟ್ಟುವ ಬೆಲೆಗೂ ಮಕ್ಕಳು ಕಲಿಯುವುದಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಎಐ ಬಂದ ಮೇಲೆ ಏನು ಬದಲಾಯಿತು?

ಮೈಂಡ್‌ಸ್ಪಾರ್ಕ್‌ನಂಥ ಸಾಫ್ಟ್‌ವೇರ್ ಮಗುವಿಗೆ ಲೆಕ್ಕ ಕೊಡುತ್ತಿತ್ತು. ಬಿಡಿಸಬೇಕಾದದ್ದು ಮಗು. ಚಾಟ್‌ಜಿಪಿಟಿಯಂಥವು ಬಂದ ಮೇಲೆ ಲೆಕ್ಕ ಕೊಡುವುದು ಮಗು, ಬಿಡಿಸುವುದು ಯಂತ್ರ. ಪಾತ್ರ ಅದಲುಬದಲಾಗಿದೆ.

ಟರ್ಕಿಯ ಹೈಸ್ಕೂಲ್ ಒಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪುಸ್ತಕ ಮತ್ತು ನೋಟ್ಸ್ ಮಾತ್ರ. ಎರಡನೆಯದಕ್ಕೆ ಏನು ಕೇಳಿದರೂ ಉತ್ತರ ಕೊಡುವ ಸಾಮಾನ್ಯ ಎಐ. ಮೂರನೆಯದಕ್ಕೆ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರ ಸಲಹೆ ಪಡೆದು ಹೊಂದಿಸಿದ ಎಐ. ಅಭ್ಯಾಸದ ಹೊತ್ತಿನಲ್ಲಿ ಎಐ ಇದ್ದವರು ತುಂಬ ಮುಂದಿದ್ದರು. ಪುಸ್ತಕದ ಗುಂಪಿಗಿಂತ ಸಾಮಾನ್ಯ ಎಐ ಗುಂಪಿನ ಫಲಿತಾಂಶ 48% ಮೇಲೆ, ಸುಳಿವಿನ ಗುಂಪಿನದು 127% ಮೇಲೆ. ಆಮೇಲೆ ಎಲ್ಲ ಕಿತ್ತುಕೊಂಡು ಪರೀಕ್ಷೆ ಬರೆಸಿದರು. ಸಾಮಾನ್ಯ ಎಐ ಬಳಸಿದವರು, ಎಐ ಮುಟ್ಟದೇ ಇದ್ದವರಿಗಿಂತ 17% ಹಿಂದೆ ಬಿದ್ದರು. ಸುಳಿವಿನ ಗುಂಪಿಗೆ ಆ ನಷ್ಟ ಆಗಲಿಲ್ಲ. ಆದರೆ ಪುಸ್ತಕದ ಗುಂಪಿಗಿಂತ ಹೇಳಿಕೊಳ್ಳುವಂಥ ಲಾಭವೂ ಉಳಿಯಲಿಲ್ಲ.

ಇದು ಹಳೆಯ ಗೈಡ್ ನೋಡಿ ಹೋಂವರ್ಕ್ ಕಾಪಿ ಹೊಡೆದ ಹಾಗೆ. ನೋಟ್‌ಬುಕ್ ತುಂಬಿರುತ್ತದೆ, ಟೀಚರ್ ರೈಟ್ ಹಾಕಿರುತ್ತಾರೆ, ತಲೆಗೆ ಏನೂ ಹೋಗಿರುವುದಿಲ್ಲ. ಎಐ ಗೈಡ್‌ಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗೂ ಅದರ ಬಳಿ ಉತ್ತರವಿದೆ. ಆ ಉತ್ತರ ತಪ್ಪಾಗಿದ್ದರೂ ಅದೇ ಧೈರ್ಯದಿಂದ ಹೇಳುತ್ತದೆ. ಮೂರನೇ ತರಗತಿಯ ಮಗುವಿಗೆ ಅದನ್ನು ಪರೀಕ್ಷಿಸುವ ಶಕ್ತಿ ಇರುವುದಿಲ್ಲ.

ಫೋನ್ ಇದೆ, ಆದರೆ ಯಾರ ಕೈಯಲ್ಲಿ?

ಹಳ್ಳಿ ಮಕ್ಕಳ ಕಲಿಕೆಯನ್ನು ಮನೆ ಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ, ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಸುಮಾರು 90% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. 82% ಮಕ್ಕಳಿಗೆ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು 57%, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76%. ಬಳಸಲು ಬರುವವರಲ್ಲಿ ಸ್ವಂತ ಫೋನ್ ಇರುವ ಹುಡುಗರು 36%, ಹುಡುಗಿಯರು 27%. ಅಣ್ಣನಿಗೆ ಫೋನ್ ಸಿಕ್ಕಷ್ಟು ಸಲೀಸಾಗಿ ತಂಗಿಗೆ ಸಿಗುವುದಿಲ್ಲ ಎಂಬುದು ನಮ್ಮ ಮನೆಗಳಿಗೆ ಹೊಸ ಸುದ್ದಿಯೇನಲ್ಲ.

ಕೋವಿಡ್ ಹೊತ್ತಿನಲ್ಲಿ ಈ ಅಂತರ ಕರ್ನಾಟಕದಲ್ಲಿ ಎದ್ದು ಕಂಡಿತು. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಇಂಟರ್ನೆಟ್ ಇರುವ ಫೋನ್, ಬರೀ ಮಾತಾಡುವ ಫೋನ್, ಫೋನೇ ಇಲ್ಲ ಎಂದು ಮಕ್ಕಳನ್ನು ವಿಂಗಡಿಸಿ ತಲುಪುವ ಯೋಜನೆ ಅದು. ಶಿಕ್ಷಕರೇ ಊರೊಳಗೆ ಹೋಗಿ ದೇವಸ್ಥಾನದ ಜಗಲಿ, ಮರದ ಕೆಳಗೆ ಪಾಠ ಮಾಡಿದರು. ಜನ ವಠಾರ ಶಾಲೆ ಎಂದರು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಸೋಂಕಿನ ಭಯದಿಂದ ವಿದ್ಯಾಗಮ ಅಕ್ಟೋಬರ್‌ನಲ್ಲಿ ನಿಂತಿತಾದರೂ, ಇರುವ ಸಾಧನಕ್ಕೆ ತಕ್ಕಂತೆ ದಾರಿ ಹುಡುಕಿದ ಯೋಚನೆ ಸರಿಯಾಗಿತ್ತು.

ಅದೇ ವರ್ಷ ಆಫ್ರಿಕಾದ ಬೋಟ್ಸ್ವಾನದಲ್ಲಿ ಇಂಥದ್ದೇ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜತೆ 20 ನಿಮಿಷದ ಫೋನ್ ಕರೆ. ಕರೆ ಹೋದ ಮನೆಯ ಮಕ್ಕಳು ಲೆಕ್ಕದಲ್ಲಿ ಸುಧಾರಿಸಿದರು. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ಇದಕ್ಕೆ ಸಾಮಾನ್ಯ ಕೀಪ್ಯಾಡ್ ಫೋನ್ ಸಾಕಿತ್ತು. ಕೆಲಸ ಮಾಡಿದ್ದು ಆ ಕಡೆಯಿಂದ ಮಾತಾಡಿದ ಮನುಷ್ಯ.

ಮಕ್ಕಳ ಮಾಹಿತಿ

ಇದನ್ನು ಚುಟುಕಾಗಿ ಹೇಳುತ್ತೇನೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರಲ್ಲಿ ಹಲವು ದೇಶಗಳ ಶಿಕ್ಷಣ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 89ರಷ್ಟು ಶೇಕಡ, ಮಕ್ಕಳ ಮಾಹಿತಿಯ ವಿಷಯದಲ್ಲಿ ಅವರ ಹಕ್ಕಿಗೆ ಅಪಾಯ ತರುವಂತಿದ್ದವು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಶಾಲೆ ಹೇಳಿದ ಆ್ಯಪ್ ಬೇಡ ಎನ್ನುವ ಧೈರ್ಯ ಎಷ್ಟು ಪೋಷಕರಿಗಿದೆ ಎಂಬುದು ಬೇರೆ ಮಾತು.

3ನೇ ತರಗತಿಯ ಎಐ: ಮುಂದೇನಾಗಬಹುದು?

ಮೊದಲು ಒಂದು ಗೊಂದಲ ಬಿಡಿಸೋಣ. ಘೋಷಣೆ ಕೇಂದ್ರದ್ದು. ಸಿಬಿಎಸ್‌ಇ ಶಾಲೆಗಳಲ್ಲಿ ಎಐ ಹೊಸದಲ್ಲ, 9ನೇ ತರಗತಿಗೆ ಅದು 2019ರಲ್ಲೇ ಐಚ್ಛಿಕ ವಿಷಯವಾಗಿ ಬಂದಿತ್ತು. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಏನು ಕಲಿಸಬೇಕು ಎಂಬುದನ್ನು ರಾಜ್ಯವೇ ತೀರ್ಮಾನಿಸಬೇಕು. ಕರ್ನಾಟಕವಂತೂ ತನ್ನದೇ ಶಿಕ್ಷಣ ನೀತಿಗೆ ಹೊರಟಿದೆ. ಅದಕ್ಕಾಗಿ ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿದೆ. ಹಾಗಾಗಿ ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ನಾಳೆಯೇ ಎಐ ಪಾಠ ಶುರುವಾಗುತ್ತದೆ ಎಂದು ತಿಳಿಯಬೇಕಿಲ್ಲ.

ಎರಡನೆಯದು, ಘೋಷಣೆಯಲ್ಲಿ ಎಐ ಜತೆ ಕಂಪ್ಯುಟೇಶನಲ್ ಥಿಂಕಿಂಗ್ ಎಂಬ ಮಾತೂ ಇದೆ. ಕೆಲಸವನ್ನು ಹಂತ ಹಂತವಾಗಿ ಒಡೆದು ಯೋಚಿಸುವುದು, ಮರುಕಳಿಸುವ ವಿನ್ಯಾಸ ಗುರುತಿಸುವುದು. ಇದಕ್ಕೆ ಕಂಪ್ಯೂಟರ್ ಬೇಕೇ ಬೇಕು ಎಂದಿಲ್ಲ. ಚುಕ್ಕಿ ರಂಗೋಲಿ ಹಾಕುವ ಕ್ರಮವನ್ನು ಇನ್ನೊಬ್ಬರು ಓದಿಕೊಂಡು ಹಾಕುವಂತೆ ಬರೆಯಿರಿ ಎಂದರೆ ಅದೇ ಒಂದು ಒಳ್ಳೆಯ ಪಾಠ. ಚಿಕ್ಕ ತರಗತಿಯಲ್ಲಿ ಹೀಗೆ ಕಲಿಸಿದರೆ ನನಗಂತೂ ತಕರಾರಿಲ್ಲ. 3ನೇ ತರಗತಿಯ ಮಗುವಿನ ಕೈಗೆ ಚಾಟ್‌ಬಾಟ್ ಕೊಟ್ಟರೆ ತಕರಾರಿದೆ.

ಯಾಕೆಂದರೆ ಅದೇ ಅಸರ್ 2024ರ ಪ್ರಕಾರ ಗ್ರಾಮೀಣ ಭಾರತದಲ್ಲಿ 3ನೇ ತರಗತಿಯ 27% ಮಕ್ಕಳಿಗೆ ಮಾತ್ರ 2ನೇ ತರಗತಿಯ ಪಾಠ ಓದಲು ಬರುತ್ತದೆ. ಓದಲು ಬಾರದ ಮಗುವಿಗೆ ಎಐ ಉತ್ತರ ಏನು ಉಪಯೋಗ? ಕನ್ನಡದಲ್ಲಿ ಕೇಳಿದರೂ ಈಗ ಉತ್ತರ ಬರುತ್ತದೆ, ಆದರೆ ಈ ಯಂತ್ರಗಳು ಓದಿ ಬೆಳೆದದ್ದು ಹೆಚ್ಚಾಗಿ ಇಂಗ್ಲಿಷ್ ಬರಹವನ್ನು. ಕನ್ನಡ ಮಾಧ್ಯಮದ ಮಗುವಿಗೆ ಸಿಗುವ ಉತ್ತರ ತೆಳುವಾಗಿರುವ ಸಾಧ್ಯತೆ ಜಾಸ್ತಿ.

ಇದರ ಮೇಲೆ ಮೂಲಸೌಕರ್ಯದ ಲೆಕ್ಕ. ಕೇಂದ್ರ ಸರ್ಕಾರ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್ ಪ್ಲಸ್ 2024-25ರಂತೆ ದೇಶದ 64.7% ಶಾಲೆಗಳಲ್ಲಿ ಕಂಪ್ಯೂಟರ್ ಇದೆ, 63.5% ಶಾಲೆಗಳಲ್ಲಿ ಇಂಟರ್ನೆಟ್ ಇದೆ. ಹಿಂದಿನ ವರ್ಷಕ್ಕಿಂತ ಒಳ್ಳೆಯದೇ. ಆದರೂ ಮೂರರಲ್ಲಿ ಒಂದು ಶಾಲೆಗೆ ಇಲ್ಲ. 1.04 ಲಕ್ಷ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು. ಎಲ್ಲ ತರಗತಿಗೂ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಚುನಾವಣೆ ಕೆಲಸಕ್ಕೂ ಹೋಗುವ ಆ ಒಬ್ಬರು ಎಐ ತರಬೇತಿಗೆ ಹೋದ ದಿನ ಶಾಲೆಯ ಬಾಗಿಲು ತೆಗೆಯುವವರು ಯಾರು?

ಹೀಗೇ ಹೋದರೆ ನಗರದ ಖಾಸಗಿ ಶಾಲೆಗಳು ಎಐ ಲ್ಯಾಬ್ ಬೋರ್ಡ್ ಹಾಕಿ ಶುಲ್ಕ ಏರಿಸುತ್ತವೆ, ಹಳ್ಳಿ ಶಾಲೆಯಲ್ಲಿ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಸೇರಿ ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ. ಇನ್ನೊಂದು ದಾರಿಯೂ ಇದೆ. ದೆಹಲಿಯಲ್ಲಿ ಮಾಡಿದಂತೆ, ಹಿಂದೆ ಬಿದ್ದ ಮಗುವಿನ ಮಟ್ಟ ಹುಡುಕಿ ಅಲ್ಲಿಂದ ಕನ್ನಡದಲ್ಲಿ ಲೆಕ್ಕ ಮತ್ತು ಓದು ಕಲಿಸುವ ಕೆಲಸಕ್ಕೆ ಅದೇ ಹಣ, ಅದೇ ಯಂತ್ರ ಬಳಸುವುದು. ಪಠ್ಯಪುಸ್ತಕಗಳಲ್ಲಿ ಈಗಾಗಲೇ ಕೇಂದ್ರ ಸರ್ಕಾರದ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕ್ಯೂಆರ್ ಕೋಡ್‌ಗಳಿವೆ. ವೇದಿಕೆ ಇದೆ, ಸಾಮಗ್ರಿ ಇದೆ. ಮಗು ಎಲ್ಲಿ ತಪ್ಪುತ್ತಿದೆ ಎಂದು ನೋಡಿ ಮುಂದಿನ ಹೆಜ್ಜೆ ಕೊಡುವ, ಪಕ್ಕದಲ್ಲಿ ಕೂತು ವಿವರಿಸುವ ವ್ಯವಸ್ಥೆ ಬೇಕಿದೆ.

ಪೋಷಕರು ಕೈಕಟ್ಟಿ ಕೂರಬೇಕಿಲ್ಲ. ಶಾಲೆಗೆ ಸ್ಮಾರ್ಟ್ ಬೋರ್ಡ್ ಅಥವಾ ಟ್ಯಾಬ್ ಬರುತ್ತದೆ ಎಂದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಬಹುದು: ಇದು ಬಂದರೆ ಟೈಮ್‌ಟೇಬಲ್‌ನಲ್ಲಿ ಯಾವ ಪೀರಿಯಡ್ ಹೋಗುತ್ತದೆ? ಉತ್ತರ ಹೇಳುವ ಸಾಫ್ಟ್‌ವೇರೋ, ಮಗುವಿನಿಂದ ಮಾಡಿಸುವ ಸಾಫ್ಟ್‌ವೇರೋ? ಕೆಟ್ಟರೆ ರಿಪೇರಿಗೆ ದುಡ್ಡು ಯಾವ ಲೆಕ್ಕದಿಂದ? ಉತ್ತರಗಳನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸುವುದು ಮರೆಯಬೇಡಿ.